ನಿಮಗಿದು ಗೊತ್ತೆ? ಅರ್ಪೋರಾದ ಶನಿವಾರದ ಇರುಳು ಸಂತೆ

ಗೋವಾದ ಬಾಗಾ ಕಡಲತೀರದ ಬಳಿಯ ಅರ್ಪೋರಾದಲ್ಲಿ ಪ್ರವಾಸಿ ಹಂಗಾಮಿನ ಶನಿವಾರಗಳಂದು ಸಂಜೆ ಸಂತೆ ಶುರುವಾಗುತ್ತದೆ. ಬಟ್ಟೆ, ಬೆಳ್ಳಿ ಒಡವೆ, ಮಸಾಲೆ ಪದಾರ್ಥಗಳ ನಡುವೆಯೇ ವೇದಿಕೆ ಹಾಕಿ ಬ್ಯಾಂಡ್‌ನವರು ಹಾಡುತ್ತಾರೆ. ಇಂಥ ಸಂತೆಗಳಿಗೆ ದಾರಿ ಹಾಕಿಕೊಟ್ಟದ್ದು ಪಕ್ಕದ ಅಂಜುನಾ. 1970ರ ದಶಕದಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಹಿಪ್ಪಿಗಳು ಖರ್ಚಿಗೆ ಕಾಸಿಲ್ಲದಾಗ ತಮ್ಮ ಸಾಮಾನುಗಳನ್ನೇ ಮಾರುತ್ತಿದ್ದರು. ಅದೇ ಬುಧವಾರದ ಸಂತೆಯಾಗಿ ಬೆಳೆಯಿತು.

ಗೋವಾದ ರಾತ್ರಿ ಊಟದಲ್ಲಿ ತಪ್ಪಿಸಿಕೊಳ್ಳಬಾರದ್ದು ತಳ್ಳುಗಾಡಿಯ ರೋಸ್ ಆಮ್ಲೆಟ್. ಬಿಸಿ ಆಮ್ಲೆಟ್ ಮೇಲೆ ತೆಂಗಿನಕಾಯಿ, ಮಸಾಲೆ ಹುರಿದು ಅರೆದ ಕೋಳಿ ಶಾಕುತಿಯ ಸಾರು ಸುರಿದು, ಹೆಚ್ಚಿದ ಈರುಳ್ಳಿ ಉದುರಿಸಿ, ಪಾವ್ ಜೊತೆ ಕೊಡುತ್ತಾರೆ. ಪಣಜಿ, ಮಡಗಾಂವ್‌ಗಳಲ್ಲೂ ಸಿಗುತ್ತದೆ.

ಗೋವಾದ ಸಂತೆಗಳಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ಕನ್ನಡಿ ಚೂರು, ಕವಡೆ ಹೊಲಿದ ಚೀಲಗಳನ್ನು ಹರವಿಕೊಂಡು ಕೂತ ಲಂಬಾಣಿ ಮಹಿಳೆಯರಲ್ಲಿ ಅನೇಕರು ಉತ್ತರ ಕರ್ನಾಟಕದವರು. ಈ ಕಸೂತಿ ಎಂಥ ಕಲೆಯೆಂದರೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆಯೇ ಇದೆ. ಅವರು ಕಂಡರೆ ಕನ್ನಡದಲ್ಲೇ ಮಾತಾಡಿಸಿ. ಕೈಹೊಲಿಗೆಯ ಬೆಲೆಗೆ ಚೌಕಾಸಿ ಮಾಡಬೇಡಿ.