ಒಂದು ಸೀಸೆ, ಹಲವು ತೋಳು

ನಾಯಿ ಕಚ್ಚಿ ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಈಗ ಸಾಮಾನ್ಯವಾಗಿ ಎರಡೂ ತೋಳುಗಳ ಚರ್ಮಕ್ಕೆ 0.1 ಮಿ.ಲೀ.ನಂತೆ ರೇಬೀಸ್ ಲಸಿಕೆ ಹಾಕುತ್ತಾರೆ. ಇಷ್ಟೇ ಸಾಕೇ ಎಂದು ಅನುಮಾನ ಬರುವುದು ಸಹಜ. ಲಸಿಕೆ ಸಾಲದ ಕಾಲದಲ್ಲಿ ಹುಡುಕಿಕೊಂಡ ದಾರಿ ಇದೆಂಬುದೂ ನಿಜ. ಹಾಗೆಂದು ಇದು ಬಡವರಿಗೆ ಮೀಸಲಾದ ಅರೆಬರೆ ಚಿಕಿತ್ಸೆಯಲ್ಲ. ದಾಸ್ತಾನು ತುಂಬಿರುವಾಗಲೂ ಇದನ್ನೇ ರೂಢಿ ಮಾಡಿಕೊಂಡ ಆಸ್ಪತ್ರೆಗಳು ಮಾತ್ರ ಅಭಾವ ಬಂದ ದಿನ ಕೈಚೆಲ್ಲದೆ ನಿಲ್ಲಬಲ್ಲವು.

ಹೊಕ್ಕುಳ ಸುತ್ತ ಹಾಕುತ್ತಿದ್ದ ಇಂಜೆಕ್ಷನ್ನುಗಳನ್ನು ಹಿರಿಯರು ಮರೆತಿಲ್ಲ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ, ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ಕೆಲವರಿಗೆ ಪಾರ್ಶ್ವವಾಯು ತರುತ್ತಿತ್ತು. ಭಾರತ ಅದನ್ನು ಕೈಬಿಟ್ಟಿದ್ದು 2004ರ ಕೊನೆಗೆ. ಜೀವಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆ ಸುರಕ್ಷಿತ, ಆದರೆ ದುಬಾರಿ. ಸ್ನಾಯುವಿಗೆ ಕೊಟ್ಟರೆ ಒಬ್ಬರಿಗೇ ಐದು ಸೀಸೆ ಬೇಕು. ಇದೇ ಬಿಕ್ಕಟ್ಟಿಗೆ ಬ್ಯಾಂಕಾಕ್‌ನ ಥಾಯ್ ರೆಡ್‌ಕ್ರಾಸ್ ವೈದ್ಯರು 1980ರ ದಶಕದಲ್ಲೇ ಉತ್ತರ ಹುಡುಕಿದ್ದರು. ರೋಗಾಣುವನ್ನು ಗುರುತಿಸಿ ದೇಹವನ್ನು ಎಚ್ಚರಿಸುವ ಕೋಶಗಳು ಸ್ನಾಯುವಿಗಿಂತ ಚರ್ಮದಲ್ಲಿ ದಟ್ಟವಾಗಿರುವುದರಿಂದ ಅಲ್ಲಿ ಕಡಿಮೆ ಲಸಿಕೆಯೂ ಕೆಲಸ ಮಾಡುತ್ತದೆ. ರೇಬೀಸ್ ಖಚಿತವಾಗಿದ್ದ ಪ್ರಾಣಿಗಳಿಂದ ಕಚ್ಚಿಸಿಕೊಂಡ 100 ಮಂದಿಗೆ ಸೀರಮ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಔಷಧ) ಜೊತೆ ಹೀಗೆ ಲಸಿಕೆ ಕೊಟ್ಟಾಗ ಯಾರಿಗೂ ರೇಬೀಸ್ ಬರಲಿಲ್ಲವೆಂದು 1990ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಒಪ್ಪಿತು. ಭಾರತ ಒಪ್ಪಲು 2006 ಬರಬೇಕಾಯಿತು. ನಮ್ಮಲ್ಲಿ ಸಿಗುವ ಲಸಿಕೆ ಇಷ್ಟೇ ಪ್ರಮಾಣದಲ್ಲಿ ಫಲಿಸುತ್ತದೆಯೇ ಎಂಬ ನ್ಯಾಯವಾದ ಪ್ರಶ್ನೆಗೆ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್‌ನ ವೈದ್ಯರು ರಕ್ತಪರೀಕ್ಷೆ ಮಾಡಿಯೇ ಉತ್ತರಿಸಿದರು: ಫಲಿಸುತ್ತದೆ.

ಇದಕ್ಕೆ ಕೈಚಳಕ ಬೇಕು ಎಂಬ ಆಕ್ಷೇಪವಿದೆ. ಬೇಕು, ನಿಜ. ಇನ್ಸುಲಿನ್ ಸಿರಿಂಜಿನ ಸೂಜಿಯನ್ನು ಚರ್ಮಕ್ಕೆ ಹೆಚ್ಚುಕಡಿಮೆ ಮಲಗಿಸಿ ಚುಚ್ಚಬೇಕು. ಕಿತ್ತಳೆ ಸಿಪ್ಪೆಯಂತೆ ಸಣ್ಣ ಕುಳಿಗಳಿರುವ ಬಿಳಿ ಗುಳ್ಳೆ ಏಳಬೇಕು. ಏಳದಿದ್ದರೆ ಲಸಿಕೆ ಚರ್ಮದಡಿಗೆ ಇಳಿದಿದೆ, ಪಕ್ಕದಲ್ಲಿ ಮತ್ತೆ ಹಾಕಬೇಕು. ಆದರೆ ಹಸುಗೂಸುಗಳಿಗೆ ಬಿಸಿಜಿ ಹಾಕಿ ಪಳಗಿದ ನರ್ಸ್‌ಗಳಿಗೆ ಇದು ಹೊಸ ವಿದ್ಯೆಯೇನಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದುದು: ತೆರೆದ ಸೀಸೆಯನ್ನು ತಂಪಿನಲ್ಲಿಟ್ಟರೂ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು; ಒಬ್ಬರೇ ಬಂದರೆ ಉಳಿದದ್ದು ವ್ಯರ್ಥ. ಲೆಕ್ಕ ಹಾಕಿ ನೋಡೋಣ. 0, 3, 7 ಮತ್ತು 28ನೇ ದಿನ ಒಬ್ಬರಿಗೆ ಸೇರುವುದು ಒಟ್ಟು 0.8 ಮಿ.ಲೀ. ಪ್ರತಿ ಸಲವೂ ಹೊಸ ಸೀಸೆ ಒಡೆದು ಉಳಿದದ್ದನ್ನು ಚೆಲ್ಲಿದರೂ ಖರ್ಚಾಗುವುದು ನಾಲ್ಕು ಸೀಸೆ. ಐದು ಸೀಸೆಯ ಹಳೆಯ ಪದ್ಧತಿಗಿಂತ ಅದೂ ಕಡಿಮೆಯೇ. ಹಾಗಾಗಿ "ಇನ್ನೂ ನಾಲ್ಕು ಜನ ಬರಲಿ, ನಾಳೆ ಬನ್ನಿ" ಎಂದು ಕಚ್ಚಿಸಿಕೊಂಡವರನ್ನು ಹಿಂದಕ್ಕೆ ಕಳಿಸಲು ಯಾವ ಕಾರಣವೂ ಇಲ್ಲ, ಕಳಿಸುವುದು ಅಕ್ಷಮ್ಯ.

ಆಳವಾದ ಗಾಯಕ್ಕೆ ಬೇಕಾದ ಸೀರಮ್ ವಿಷಯದಲ್ಲೂ ಅಭಾವವೇ ಕಲಿಸಿತು. ತೂಕಕ್ಕೆ ತಕ್ಕಷ್ಟು ತೆಗೆದು, ಗಾಯಕ್ಕೆ ತುಂಬಿ ಮಿಕ್ಕಿದ್ದನ್ನು ಸ್ನಾಯುವಿಗೆ ಕೊಡುವುದು ಹಿಂದಿನ ಕ್ರಮ. ಗಾಯದೊಳಗೆ ಮತ್ತು ಸುತ್ತ ಹಾಕಿದಷ್ಟೇ ಸಾಕೆಂದು ಶಿಮ್ಲಾದ ಡಾ. ಒಮೇಶ್ ಭಾರತಿ ತಂಡ ತೋರಿಸಿಕೊಟ್ಟಿತು; 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳಿತು. ಸೀರಮ್ ತೀರಾ ಕಡಿಮೆಯಿದ್ದರೆ ಹಲವು ಕಡೆ ಕಚ್ಚಿಸಿಕೊಂಡವರು, ಆಳದ ಗಾಯದವರು, ತಲೆ, ಮುಖ, ಕುತ್ತಿಗೆ, ಕೈಗೆ ಕಚ್ಚಿಸಿಕೊಂಡವರು ಮೊದಲು. ಹಿಂದೆ ಪೂರ್ಣ ಲಸಿಕೆ ಪಡೆದವರಿಗೆ ಸೀರಮ್ ಬೇಕಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿವ ನೀರಿನಲ್ಲಿ 15 ನಿಮಿಷ ತೊಳೆಯುವುದಕ್ಕಂತೂ ಯಾವ ದಾಸ್ತಾನಿಗೂ ಕಾಯಬೇಕಾಗಿಲ್ಲ.