ಭಾರವನ್ನು ಬಾನಿಗೇರಿಸುವ ಉಪಾಯಗಳು

ನಮ್ಮ ದಿಂಬಂ ಘಟ್ಟದಲ್ಲಿ 27 ತಿರುವುಗಳಿವೆ. ಬಣ್ಣಾರಿಯಿಂದ ನೆಟ್ಟಗೆ ರಸ್ತೆ ಹಾಕಿದ್ದರೆ ದೂರವೇನೋ ಕಡಿಮೆಯಾಗುತ್ತಿತ್ತು; ಆದರೆ ಹೇರು ತುಂಬಿದ ಲಾರಿ ಅದನ್ನು ಏರಲಾರದು. ಬಲ ಸಾಲದ ಕಡೆ ದಾರಿಯನ್ನು ಬಳಸಿ ಏರುವುದೇ ಜಾಣತನ. ಬಾಹ್ಯಾಕಾಶಕ್ಕೆ ಭಾರ ಸಾಗಿಸುವವರೂ ಇಂಥ ಉಪಾಯಗಳನ್ನೇ ಹುಡುಕುತ್ತಾರೆ.

ರಾಕೆಟ್ಟಿನ ಕಷ್ಟವೇನು? ಅದು ಇಂಧನವನ್ನೂ, ಇಂಧನ ಉರಿಯಲು ಬೇಕಾದ ಆಮ್ಲಜನಕವನ್ನೂ ತಾನೇ ಹೊರಬೇಕು. ಭಾರ ಹೆಚ್ಚಿದರೆ ಇಂಧನ ಹೆಚ್ಚು ಬೇಕು. ಆ ಇಂಧನವನ್ನು ಎತ್ತಲು ಮತ್ತಷ್ಟು ಇಂಧನ ಬೇಕು. ನಮ್ಮ ರಾಕೆಟ್ಟುಗಳಿಗೆ ಎತ್ತಲಾಗದ್ದರಿಂದಲೇ 5,854 ಕಿಲೋಗ್ರಾಂ ತೂಕದ ಜಿಸ್ಯಾಟ್-11 ಉಪಗ್ರಹವನ್ನು 2018ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಪರದೇಶದ ರಾಕೆಟ್ಟಿನಲ್ಲಿ ಕಳುಹಿಸಬೇಕಾಯಿತು.

ಮೊದಲನೆಯ ಉಪಾಯ, ಸುತ್ತಿ ಏರುವುದು. 1,337 ಕಿಲೋಗ್ರಾಂ ತೂಕದ ಮಂಗಳಯಾನವನ್ನು ನೇರವಾಗಿ ಮಂಗಳದತ್ತ ಎಸೆಯುವ ಶಕ್ತಿ ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟಿಗಿರಲಿಲ್ಲ. 2013ರ ನವೆಂಬರ್ 5ರಂದು ಅದು ನೌಕೆಯನ್ನು ಭೂಮಿಯ ಸುತ್ತ ಬಿಟ್ಟಿತು. ನೌಕೆ ಭೂಮಿಗೆ ಸಮೀಪ ಬಂದ ಸಮಯ ನೋಡಿ ಅದರ ಎಂಜಿನನ್ನು ಉರಿಸುತ್ತ ಹೋದರು. ಉಯ್ಯಾಲೆಯನ್ನು ಸಮಯವರಿತು ತಳ್ಳಿದಂತೆ, ಪ್ರತಿ ತಳ್ಳಿಗೂ ಕಕ್ಷೆ ಹಿಗ್ಗಿತು. ಡಿಸೆಂಬರ್ 1ರಂದು ಅದು ಭೂಮಿಯನ್ನು ಬಿಟ್ಟು ಹೊರಟು, 2014ರ ಸೆಪ್ಟೆಂಬರ್ 24ರಂದು ಮಂಗಳವನ್ನು ಸೇರಿತು.

ಎರಡನೆಯದು, ಬಿಡಿಬಿಡಿಯಾಗಿ ಒಯ್ದು ಮೇಲೆ ಜೋಡಿಸುವುದು. ಸುಮಾರು 420 ಟನ್ ತೂಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು 1998ರಿಂದ ಹೀಗೆಯೇ ಕಟ್ಟಿದರು. ನಮ್ಮವರೂ ತಲಾ 220 ಕಿಲೋಗ್ರಾಂ ತೂಕದ ಎರಡು ಸ್ಪೇಡೆಕ್ಸ್ ಉಪಗ್ರಹಗಳನ್ನು ಹಾರಿಸಿ, 2025ರ ಜನವರಿ 16ರಂದು ಆಕಾಶದಲ್ಲೇ ಒಂದಕ್ಕೊಂದು ಜೋಡಿಸಿದರು.

ಮೂರನೆಯದು, ಹೊರೆಯನ್ನೇ ಇಳಿಸುವುದು. ದಾರಿಯ ಮೊದಲ ಭಾಗದಲ್ಲಿ ಗಾಳಿಯಿರುವಾಗ ಅಲ್ಲಿಗೆ ಬೇಕಾದ ಆಮ್ಲಜನಕವನ್ನು ಹೊರುವುದೇಕೆ? 2016ರ ಆಗಸ್ಟ್ 28ರಂದು ಶ್ರೀಹರಿಕೋಟಾದಲ್ಲಿ, ಹಾರುತ್ತಲೇ ಗಾಳಿಯಿಂದ ಆಮ್ಲಜನಕ ಪಡೆಯುವ ಎಂಜಿನನ್ನು ಪರೀಕ್ಷಿಸಿದರು. ಅದು ಉರಿದದ್ದು 5 ಸೆಕೆಂಡು ಮಾತ್ರ. ಶಬ್ದಕ್ಕಿಂತ ಅನೇಕ ಪಟ್ಟು ವೇಗದಲ್ಲಿ ನುಗ್ಗುವ ಗಾಳಿಯಲ್ಲಿ ಉರಿಯನ್ನು ಆರದಂತೆ ಕಾಯುವುದು ಬಿರುಗಾಳಿಯಲ್ಲಿ ಹಣತೆ ಹಿಡಿದಂತೆ.

ಯಾವ ಉಪಾಯವೂ ಬಿಟ್ಟಿಯಲ್ಲ. ಮೊದಲನೆಯದಕ್ಕೆ ಕಾಲ ಬೇಕು, ಎರಡನೆಯದಕ್ಕೆ ಕೂದಲೆಳೆಯಷ್ಟೂ ತಪ್ಪದ ಲೆಕ್ಕ ಬೇಕು, ಮೂರನೆಯದಕ್ಕೆ ಇನ್ನೂ ಬಹಳ ಸಾಧನೆ ಬೇಕು.

ವಿದ್ಯಾರ್ಥಿಗಳೇ, ವೇಗ, ತೂಕ, ದಹನ ಇವೆಲ್ಲ ನಿಮ್ಮ ವಿಜ್ಞಾನ ಪುಸ್ತಕದ ಪಾಠಗಳೇ. ಪರೀಕ್ಷೆಗೆಂದು ಉರುಹೊಡೆದರೆ ಅವು ಪರೀಕ್ಷೆಯೊಂದಿಗೇ ಮುಗಿಯುತ್ತವೆ. ಅರ್ಥಮಾಡಿಕೊಂಡರೆ, ಬಲ ಸಾಲದ ಕಡೆಯೂ ದಾರಿ ತೋರಿಸುತ್ತವೆ.