ಎಣಿಕೆಯೂ ಪೌರ್ವಾಪರ್ಯವೂ: ಗಣಕದ ಸ್ಮೃತಿಯಲ್ಲಿ ಕ್ರಮವಿಚಾರ

ಕೋಗಳಿ-500 ಎಂಬ ನಾಡು ಕರ್ಣಾಟಕದ ಶಾಸನಗಳಲ್ಲಿ ಪ್ರಸಿದ್ಧವಾದುದು. ಅದಕ್ಕೆ ಹೆಸರನ್ನಿತ್ತ ಗ್ರಾಮವು ಈಗ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿದೆ. ಅಲ್ಲಿಯ ಬಸದಿಯಲ್ಲಿ ಹೊಯ್ಸಳ ರಾಮನಾಥನ ಕಾಲಕ್ಕೆ, ಎಂದರೆ 13ನೆಯ ಶತಮಾನಕ್ಕೆ, ಸೇರಿದ ಶಾಸನಗಳು ಚೆನ್ನಪಾರ್ಶ್ವದೇವರಿಗೆ ಹೊನ್ನನ್ನು ಕೊಟ್ಟವರ ವಿಷಯವನ್ನು ತಿಳಿಸುತ್ತವೆ. ಇಂತಹ ದಾನಶಾಸನವನ್ನು ಓದುವವನು, ಅಕ್ಷರವೆಲ್ಲ ಕೆತ್ತಿ ಮುಗಿದ ಮೇಲೆಯೇ ಅದು ಜನರ ಮುಂದೆ ಬಂದಿತೆಂದು ನಂಬಿ ಓದುತ್ತಾನೆ. ಅರ್ಧ ಕೆತ್ತಿದ ಕಲ್ಲನ್ನು ನಿಲ್ಲಿಸಿದರೆ ಅರ್ಧದಾನವೇ ಪೂರ್ಣದಾನವೆಂದು ತೋರೀತು. ಮನುಷ್ಯವ್ಯವಹಾರದಲ್ಲಿ ಸ್ವತಸ್ಸಿದ್ಧವಾದ ಈ ಪೌರ್ವಾಪರ್ಯವು ಗಣಕಯಂತ್ರದಲ್ಲಿ ಸ್ವತಸ್ಸಿದ್ಧವಲ್ಲ, ಅದನ್ನು ವಿಧಿಸಬೇಕಾಗುತ್ತದೆ. ಆ ವಿಧಿಯ ಸ್ವರೂಪವೇ ಪ್ರಕೃತ ವಿಷಯ.

ಗಣಕದ ಸಕಲ ಕಾರ್ಯಗಳಿಗೂ ಅಧ್ಯಕ್ಷಸ್ಥಾನದಲ್ಲಿರುವ ಕ್ರಮವಿಧಿಗೆ ಕರ್ನಲ್ ಎಂದು ಹೆಸರು. ಅದರ ಸ್ಮೃತಿಯಲ್ಲಿರುವ ಒಂದೊಂದು ವಸ್ತುವನ್ನೂ ಏಕಕಾಲದಲ್ಲಿ ಅನೇಕ ಸಂಸ್ಕಾರಕಗಳು ಬಳಸುವುದುಂಟು. ಬಳಸುವವರು ಇರುವಾಗ ವಸ್ತುವನ್ನು ಅಳಿಸಕೂಡದು. ಯಾರೂ ಇಲ್ಲದಾಗ ಉಳಿಸಕೂಡದು. ಇದಕ್ಕಾಗಿ ವಸ್ತುವಿನೊಳಗೇ ಒಂದು ಎಣಿಕೆಯನ್ನಿಡುವರು. ಹಿಡಿದವನು ಒಂದನ್ನು ಕೂಡಿಸುತ್ತಾನೆ, ಬಿಟ್ಟವನು ಒಂದನ್ನು ಕಳೆಯುತ್ತಾನೆ. ಶೂನ್ಯಕ್ಕೆ ತಂದವನೇ ವಸ್ತುವನ್ನು ಅಳಿಸತಕ್ಕವನು. 1960ರಲ್ಲಿ ಜಾರ್ಜ್ ಕಾಲಿನ್ಸ್ ಎಂಬ ವಿದ್ವಾಂಸನು ಈ ಉಪಾಯವನ್ನು ಪ್ರಕಟಿಸಿದನು.

ಎಣಿಕೆ ತಪ್ಪದಿದ್ದರೆ ಸಾಲದೆ ಎಂದು ಆಕ್ಷೇಪಿಸಬಹುದು. ಸಾಲದು. ಸಂಸ್ಕಾರಕವು ಬರೆದುದು ಒಡನೆಯೇ ಸಾಮಾನ್ಯಸ್ಮೃತಿಯನ್ನು ಸೇರದೆ, ಅದರ ಸ್ವಂತ ಗೂಡಿನಲ್ಲಿ ಕ್ಷಣಕಾಲ ತಂಗುವುದುಂಟು. ಹೀಗಾಗಿ ಮೊದಲು ಬರೆದುದು ಇತರರಿಗೆ ಆಮೇಲೆ ಕಾಣಬಹುದು. ಕ್ರಮವಿಧಿಯನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರು ಕೂಡ ವೇಗಕ್ಕಾಗಿ ಕ್ರಮವನ್ನು ಪಲ್ಲಟಿಸುವುದುಂಟು. ಅನೇಕ ಸಂಸ್ಕಾರಕಗಳ ನಡತೆಯು ಒಂದೇ ಸಾಲಿನಲ್ಲಿ ನಡೆದಂತೆ ತೋರಬೇಕಾದರೆ ಏನಿರಬೇಕೆಂಬುದನ್ನು 1979ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ನಿರೂಪಿಸಿದನು. ಈಗಿನ ಯಂತ್ರಗಳು ಆ ನಿಯಮವನ್ನು ತಾವಾಗಿಯೇ ಪಾಲಿಸುವುದಿಲ್ಲ.

ಇದರಿಂದ ಬರುವ ಅನರ್ಥವು ಹೀಗೆ. ಮೊದಲನೆಯ ಸಂಸ್ಕಾರಕವು ವಸ್ತುವಿನಲ್ಲಿ ಏನನ್ನೋ ಬರೆದು ಎಣಿಕೆಯಲ್ಲಿ ಒಂದನ್ನು ಕಳೆಯಿತೆನ್ನೋಣ. ಕಳೆದುದು ಮುಂಚೆ ಕಂಡು, ಬರೆದುದು ಹಿಂದೆ ಉಳಿಯಿತು. ಅಷ್ಟರಲ್ಲಿ ಎರಡನೆಯದು ತನ್ನ ಹಿಡಿತವನ್ನೂ ಬಿಟ್ಟು, ಶೂನ್ಯವನ್ನು ಕಂಡು, ವಸ್ತುವನ್ನು ಅಳಿಸಿ ಆ ಸ್ಥಳವನ್ನು ಬೇರೊಂದಕ್ಕೆ ಕೊಟ್ಟಿತು. ತಡವಾಗಿ ಬಂದ ಬರೆಹವು ಅನ್ಯರ ವಸ್ತುವನ್ನು ಕೆಡಿಸುವುದು. ಎಣಿಕೆಯಲ್ಲಿ ತಪ್ಪಿಲ್ಲ; ಆದರೂ ಪ್ರಮಾದವಾಯಿತು.

ಪರಿಹಾರವು ಎರಡು ಅಂಗಗಳುಳ್ಳದ್ದು. ಕಳೆಯುವಾಗ, ತಾನು ಹಿಂದೆ ಮಾಡಿದುದೆಲ್ಲ ಕಳೆಯುವುದಕ್ಕೆ ಮೊದಲೇ ಇತರರಿಗೆ ಕಾಣತಕ್ಕದ್ದೆಂಬುದು ಒಂದು. ಇದಕ್ಕೆ ರಿಲೀಸ್ ಎನ್ನುವರು. ಶೂನ್ಯವನ್ನು ಕಂಡವನು ಆ ಬಳಿಕವೇ ಅಳಿಸುವ ಕಾರ್ಯಕ್ಕೆ ತೊಡಗತಕ್ಕದ್ದೆಂಬುದು ಇನ್ನೊಂದು, ಇದು ಅಕ್ವೈರ್. ಕೂಡಿಸುವಾಗ ಮಾತ್ರ ಇಂತಹ ನಿರ್ಬಂಧ ಬೇಡ. ಏಕೆಂದರೆ ಈಗಾಗಲೇ ಹಿಡಿತವುಳ್ಳವನೇ ಮತ್ತೊಬ್ಬನಿಗಾಗಿ ಕೂಡಿಸುವುದರಿಂದ, ಅವನ ಹಿಡಿತ ಇರುವತನಕ ಎಣಿಕೆ ಶೂನ್ಯವಾಗಲಾರದು. ಇಂಟೆಲ್ ಜಾತಿಯ ಯಂತ್ರಗಳಲ್ಲಿ ಅಖಂಡ ವ್ಯವಕಲನವು ತಾನೇ ಕ್ರಮವನ್ನು ಕಾಯುವುದರಿಂದ ಈ ದೋಷವು ಬಹುಮಟ್ಟಿಗೆ ಅಡಗಿರುತ್ತದೆ. ಆರ್ಮ್ ಜಾತಿಯವುಗಳಲ್ಲಿ ಹೊರಬೀಳುತ್ತದೆ. ಒಂದು ಯಂತ್ರದಲ್ಲಿ ನಡೆದುದು ಶುದ್ಧವೆಂಬುದಕ್ಕೆ ಪ್ರಮಾಣವಲ್ಲ.

ಇನ್ನು ಹಿಡಿತವೇ ಇಲ್ಲದವನು ಪಟ್ಟಿಯೊಂದರಲ್ಲಿ ವಸ್ತುವನ್ನು ಹುಡುಕಿ ಹಿಡಿಯುವ ಸಂದರ್ಭ. ಅವನು ಕೈನೀಡುವಷ್ಟರಲ್ಲಿ ಎಣಿಕೆಯೊಡನೆ ವಸ್ತುವೇ ಹೋಗಿರಬಹುದು. ಆದುದರಿಂದ ಎಣಿಕೆ ಶೂನ್ಯವಾಗಿದ್ದರೆ ಕೂಡಿಸಕೂಡದು; ಮತ್ತು ಓದುತ್ತಿರುವವರೆಲ್ಲ ಮುಗಿಸುವತನಕ ಸ್ಥಳವನ್ನು ಬಿಟ್ಟುಕೊಡಕೂಡದು. ಈ ಎರಡನೆಯ ನಿಯಮಕ್ಕೆ ರೀಡ್-ಕಾಪಿ-ಅಪ್‌ಡೇಟ್ ಎಂಬ ಪದ್ಧತಿಯು ಆಧಾರ. ಪಾಲ್ ಮೆಕೆನ್ನಿ ಮೊದಲಾದವರು 1990ರ ದಶಕದಲ್ಲಿ ಬೆಳೆಸಿದ ಇದು 2002ರಲ್ಲಿ ಲಿನಕ್ಸ್ ಕರ್ನಲಿಗೆ ಸೇರಿತು. ಅಲ್ಲಿ ಇದನ್ನು ನೆಲೆಗೊಳಿಸಿದವರಲ್ಲಿ ಐ.ಬಿ.ಎಂ. ಸಂಸ್ಥೆಯ ಬೆಂಗಳೂರಿನ ಲಿನಕ್ಸ್ ಕೇಂದ್ರದಲ್ಲಿದ್ದ ದೀಪಂಕರ ಶರ್ಮರು ಪ್ರಮುಖರು. ತೆರೆದ ಕಡತಗಳನ್ನು ಬೀಗವಿಲ್ಲದೆ ಹುಡುಕುವಂತೆ 2005ರಲ್ಲಿ ಆದ ಮಾರ್ಪಾಟೂ ಅವರ ಕಾರ್ಯವೇ. ಹೊಸ ವಸ್ತುವನ್ನು ಪಟ್ಟಿಗೆ ಸೇರಿಸುವಾಗಲೂ ಶಾಸನದ ನ್ಯಾಯವೇ ಸಲ್ಲುವುದು: ಒಳಗನ್ನೆಲ್ಲ ಬರೆದು ಮುಗಿಸಿ, ಕಡೆಯಲ್ಲಿ ಅದರ ವಿಳಾಸವನ್ನು ಪ್ರಕಟಿಸುವುದು.

ಎಣಿಕೆಗೆ ಮೇರೆಯೂ ಉಂಟು. 32 ಅಂಕಸ್ಥಾನಗಳ ಎಣಿಕೆಯು ತುಂಬಿ ತಿರುಗಿ ಶೂನ್ಯಕ್ಕೆ ಬಂದರೆ, ಬಳಕೆಯಲ್ಲಿರುವ ವಸ್ತುವೇ ಅಳಿಯುವುದು. ಲಿನಕ್ಸಿನ ಕೀಲಿಕೈಗಳ ವಿಭಾಗದಲ್ಲಿ ಇಂತಹ ದೋಷವು 2016ರಲ್ಲಿ ಬಯಲಾಯಿತು. ಅದರಿಂದ ಸಾಮಾನ್ಯ ಬಳಕೆದಾರನು ಯಂತ್ರದ ಸರ್ವಾಧಿಕಾರವನ್ನು ಪಡೆಯಬಹುದಾಗಿತ್ತು. 2017ರಲ್ಲಿ ಸೇರಿದ ಹೊಸ ಎಣಿಕೆಯ ಜಾತಿಯು ಮೇರೆ ಮೀರಿದಾಗ ತಿರುಗದೆ ನಿಂತುಬಿಡುವುದು. ಆಗ ವಸ್ತುವೊಂದು ವ್ಯರ್ಥವಾಗಿ ಉಳಿದೀತು, ಅನ್ಯಾಯವಾಗಿ ಅಳಿಯದು.

ಒಟ್ಟಿನಲ್ಲಿ, ಎಷ್ಟು ಮಂದಿ ಹಿಡಿದಿರುವರೆಂಬುದನ್ನು ಎಣಿಕೆಯು ಹೇಳುತ್ತದೆ. ಅವರು ತಮ್ಮ ಕೆಲಸವನ್ನು ಮುಗಿಸಿರುವರೆಂಬುದನ್ನು ಕ್ರಮವು ಹೇಳುತ್ತದೆ. ಎರಡನೆಯದಿಲ್ಲದೆ ಮೊದಲನೆಯದು, ತೇದಿಯಳಿದ ಶಾಸನದಂತೆ, ಸತ್ಯವಾಗಿದ್ದರೂ ಪ್ರಯೋಜನಕ್ಕೆ ಬಾರದು.